ನೋವಿನ ಮಾತ್ರೆಗೂ ಒಂದು ಲೆಕ್ಕ ಬೇಕು

ನಮ್ಮ ಕಡೆಯ ಮನೆಗಳಲ್ಲಿ ಅಕ್ಕಿ, ಉಪ್ಪು, ತೆಂಗಿನೆಣ್ಣೆಯ ಹಾಗೆಯೇ ಸದಾ ಇರುವ ಇನ್ನೊಂದು ವಸ್ತು ನೋವಿನ ಮಾತ್ರೆ. ಟಿವಿ ಸ್ಟ್ಯಾಂಡಿನ ಮೇಲಿನ ಡಬ್ಬಿಯಲ್ಲೋ ಕನ್ನಡಿಯ ಹಿಂದೆಯೋ ಅರ್ಧ ಖಾಲಿಯಾದ ಒಂದು ಸ್ಟ್ರಿಪ್ ಇದ್ದೇ ಇರುತ್ತದೆ. ಅದನ್ನು ಯಾರು ಬರೆದುಕೊಟ್ಟರು, ಯಾವಾಗ ಬರೆದುಕೊಟ್ಟರು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಐದು ವರ್ಷದ ಹಿಂದೆ ಯಾರೋ ಡಾಕ್ಟರು ಐದು ದಿನಕ್ಕೆಂದು ಕೊಟ್ಟದ್ದು ಇವತ್ತಿಗೂ ನಡೆಯುತ್ತಿರುತ್ತದೆ. ಚೀಟಿ ಕಳೆದುಹೋಗಿದೆ, ಸ್ಟ್ರಿಪ್ಪಿನ ಬಣ್ಣ ಮಾತ್ರ ನೆನಪಿದೆ. ಮೆಡಿಕಲ್‌ಗೆ ಹೋಗಿ ಖಾಲಿ ಸ್ಟ್ರಿಪ್ ತೋರಿಸಿದರೆ ಹೊಸದು ಬರುತ್ತದೆ.

ಈ ಲೇಖನ ನೋವಿನ ಮಾತ್ರೆಗಳ ವಿರುದ್ಧವಲ್ಲ. ಹಲ್ಲು ನೋವಿನಲ್ಲಿ ರಾತ್ರಿ ಕಳೆದವರಿಗೆ, ಗಂಟುವಾತದಲ್ಲಿ ಬೆಳಗ್ಗೆ ಬೆರಳು ಮಡಚಲಾಗದವರಿಗೆ ಅವುಗಳ ಬೆಲೆ ಗೊತ್ತು. ನನ್ನ ತಕರಾರು ಇಷ್ಟೇ: ತಿಂಗಳುಗಟ್ಟಲೆ ಉಳಿಯುವ ನೋವಿಗೆ, ಅದು ಯಾವ ನೋವೆಂದು ತಿಳಿಯದೆ, ಯಾವ ಲೆಕ್ಕವೂ ಇಲ್ಲದೆ ಈ ಮಾತ್ರೆ ನುಂಗುವುದನ್ನು ನಾವು ಸಹಜವೆಂದು ಒಪ್ಪಿಕೊಂಡಿದ್ದೇವೆ. ಅದನ್ನು ಪ್ರಶ್ನಿಸಬೇಕಾದವರು ಓದಿದ ನಾವು. ಯಾಕೆಂದರೆ ಸ್ಟ್ರಿಪ್ಪಿನ ಹಿಂದಿನ ಸಣ್ಣ ಅಕ್ಷರಗಳನ್ನು ಓದಬಲ್ಲವರು ಹೆಚ್ಚಿನ ಮನೆಗಳಲ್ಲಿ ನಾವೇ.

ಮಲ್ಲಿಗೆಯ ಹಿಂದಿನ ಸೊಂಟ

ಇನ್ನಂಜೆ, ಶಂಕರಪುರದ ಸುತ್ತಮುತ್ತ ಬೆಳೆಯುವ ಮಲ್ಲಿಗೆಗೆ ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅದರ ಲೆಕ್ಕ ನಮಗೆಲ್ಲ ಗೊತ್ತಿರುವುದೇ. ಸುಮಾರು 800 ಮೊಗ್ಗು ಸೇರಿದರೆ ಒಂದು ಚೆಂಡು, ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ ಸುಮಾರು 3,200 ಮೊಗ್ಗುಗಳನ್ನು ಗಿಡಕ್ಕೆ ಬಗ್ಗಿ ಕೊಯ್ಯಬೇಕು, ಆಮೇಲೆ ನೆಲದಲ್ಲಿ ಕುಳಿತು ಬಾಳೆನಾರಿನಲ್ಲಿ ಕಟ್ಟಬೇಕು. ಎಲ್ಲವೂ ಬೆಳಗ್ಗಿನ ಕೆಲವೇ ಗಂಟೆಗಳಲ್ಲಿ ಮುಗಿಯಬೇಕು. ಹೂವು ಕಟ್ಟೆಗೆ ಹೋಗುವ ಹೊತ್ತು ತಪ್ಪಿದರೆ ದುಡ್ಡೂ ತಪ್ಪಿತು.

ಈ ಕೆಲಸ ಮಾಡುವವರು ಹೆಚ್ಚಾಗಿ ನಮ್ಮ ಅಮ್ಮ, ದೊಡ್ಡಮ್ಮ, ಅಜ್ಜಿಯಂದಿರು. ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟುವವರ ಕಥೆಯೂ, ಕಾರ್ಕಳ ಕಡೆಯ ಗೇರುಬೀಜದ ಕಾರ್ಖಾನೆಗಳಲ್ಲಿ ದಿನವಿಡೀ ದುಡಿಯುವವರ ಕಥೆಯೂ, ಮಲ್ಪೆ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವರ ಕಥೆಯೂ ಬೇರೆಯಲ್ಲ. ಒಂದೇ ಭಂಗಿ, ಒಂದೇ ಚಲನೆ, ವರ್ಷಾನುಗಟ್ಟಲೆ. ಸೊಂಟ, ಕುತ್ತಿಗೆ, ಮಂಡಿ, ಹೆಬ್ಬೆರಳಿನ ಬುಡ, ಎಲ್ಲಾದರೊಂದು ಕಡೆ ನೋವು ಮನೆ ಮಾಡಿಯೇ ಮಾಡುತ್ತದೆ. ‘ಡಾಕ್ಟರಿಗೆ ತೋರಿಸುವ’ ಎಂದರೆ ಬರುವ ಉತ್ತರವೂ ಒಂದೇ: ‘ಎಂತ ಮಾಡುವುದು ಮಗಾ, ಹೂ ನಾಳೆಗೆ ಕಾಯ್ತದಾ? ಒಂದು ಮಾತ್ರೆ ತಗೊಂಡ್ರೆ ಸರಿ ಆಗ್ತದೆ.’

ಸರಿ ಆಗುವುದೂ ನಿಜ. ಅದೇ ಸಮಸ್ಯೆಯ ಬೇರು. ಅರ್ಧ ಗಂಟೆಯಲ್ಲಿ ನೋವು ಇಳಿಯುತ್ತದೆ, ಕೆಲಸ ನಡೆಯುತ್ತದೆ. ಕೆಲವು ರೂಪಾಯಿಯ ಮಾತ್ರೆ ಒಂದು ದಿನದ ಸಂಪಾದನೆಯನ್ನು ಉಳಿಸುತ್ತದೆ. ಹೀಗೆ ಉಳಿಸಿದ್ದು ಯಾವ ಖಾತೆಯಿಂದ ಕಳೆಯುತ್ತಿದೆ ಎಂಬುದು ಮಾತ್ರ ಕಾಣುವುದಿಲ್ಲ.

ಮಾತ್ರೆ ದೇಹದಲ್ಲಿ ಮಾಡುವುದೇನು?

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ನ್ಯಾಪ್ರೋಕ್ಸೆನ್, ಮೆಫೆನಾಮಿಕ್ ಆಮ್ಲ, ನಿಮೆಸುಲೈಡ್, ಇಟೋರಿಕಾಕ್ಸಿಬ್ ಎಲ್ಲವೂ ಒಂದೇ ಕುಟುಂಬದವು. ಇವನ್ನು ಸ್ಟೀರಾಯ್ಡ್ ಅಲ್ಲದ ಉರಿಯೂತ ನಿವಾರಕಗಳು ಎನ್ನುತ್ತಾರೆ. ನಾವು ಜ್ವರಕ್ಕೆ ನುಂಗುವ ಡೋಲೊದಲ್ಲಿರುವ ಪ್ಯಾರಸಿಟಮಾಲ್ ಈ ಕುಟುಂಬಕ್ಕೆ ಸೇರಿದ್ದಲ್ಲ. ಅದು ನೋವು, ಜ್ವರ ಇಳಿಸುತ್ತದೆಯೇ ಹೊರತು ಉರಿಯೂತದ ಮೇಲೆ ಅದರ ಪರಿಣಾಮ ತೀರಾ ಕಡಿಮೆ.

ಈ ಕುಟುಂಬದ ಹಿರಿಯಣ್ಣ ಆಸ್ಪಿರಿನ್. ಅದು ಮಾರುಕಟ್ಟೆಗೆ ಬಂದದ್ದು 1899ರಲ್ಲಿ. ಆದರೆ ಅದು ಹೇಗೆ ಕೆಲಸ ಮಾಡುತ್ತದೆ ಎಂದು ಗೊತ್ತಾಗಲು ಇನ್ನೂ ಏಳು ದಶಕ ಬೇಕಾಯಿತು. 1971ರಲ್ಲಿ ಬ್ರಿಟನ್ನಿನ ಜಾನ್ ವೇನ್ ಅದನ್ನು ತೋರಿಸಿಕೊಟ್ಟರು, 1982ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ದೇಹದಲ್ಲಿ ಎಲ್ಲಾದರೂ ಪೆಟ್ಟಾದರೆ, ಸವೆದರೆ, ಅಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳು ತಯಾರಾಗುತ್ತವೆ. ಊತ, ಬಿಸಿ, ನೋವು ಎಲ್ಲಕ್ಕೂ ಅವು ಕಾರಣ. ಈ ಮಾತ್ರೆಗಳು ಪ್ರೊಸ್ಟಗ್ಲಾಂಡಿನ್ ತಯಾರಿಸುವ ಕಿಣ್ವವನ್ನೇ ತಡೆಯುತ್ತವೆ. ನೋವು ಇಳಿಯುತ್ತದೆ.

ತೊಂದರೆ ಏನೆಂದರೆ, ಪ್ರೊಸ್ಟಗ್ಲಾಂಡಿನ್ ಬರೀ ನೋವು ಕೊಡಲು ಇರುವುದಲ್ಲ. ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಪಾಡುವುದೂ ಅದೇ. ಮೂತ್ರಪಿಂಡಕ್ಕೆ ಹೋಗುವ ರಕ್ತನಾಳವನ್ನು ಅಗತ್ಯವಿದ್ದಾಗ ಅಗಲವಾಗಿ ಇಡುವುದೂ ಅದೇ. ಮಾತ್ರೆಗೆ ನಮ್ಮ ಸೊಂಟ ಯಾವುದು, ಹೊಟ್ಟೆ ಯಾವುದು ಎಂಬ ಭೇದ ತಿಳಿಯದು. ಅದು ರಕ್ತದಲ್ಲಿ ಹರಿದು ಎಲ್ಲ ಕಡೆಯೂ ಅದೇ ಕೆಲಸ ಮಾಡುತ್ತದೆ.

ಇಲ್ಲಿಂದ ನಮ್ಮೂರಿನ ಎರಡು ನಂಬಿಕೆಗಳು ಬೀಳುತ್ತವೆ. ಮೊದಲನೆಯದು, ‘ಊಟ ಆದ ಮೇಲೆ ತಗೊಂಡರೆ ಏನೂ ಆಗುವುದಿಲ್ಲ, ಇಂಜೆಕ್ಷನ್ ಆದರೆ ಹೊಟ್ಟೆಗೆ ತೊಂದರೆಯೇ ಇಲ್ಲ’ ಎಂಬುದು. ಊಟದ ಜತೆ ತೆಗೆದುಕೊಂಡರೆ ಹೊಟ್ಟೆ ಉರಿ ಕಡಿಮೆಯಾಗಬಹುದು. ಆದರೆ ಹುಣ್ಣಿಗೆ ಮುಖ್ಯ ಕಾರಣ ಮಾತ್ರೆ ಹೊಟ್ಟೆಯನ್ನು ಮುಟ್ಟುವುದಲ್ಲ, ರಕ್ತದ ಮೂಲಕ ಪ್ರೊಸ್ಟಗ್ಲಾಂಡಿನ್ ಕಡಿಮೆಯಾಗುವುದು. ಹಾಗಾಗಿ ಸೊಂಟಕ್ಕೆ ಚುಚ್ಚಿಸಿಕೊಂಡ ಇಂಜೆಕ್ಷನ್ನೂ ಹೊಟ್ಟೆಗೆ ಹಾನಿ ಮಾಡಬಲ್ಲದು. ಎರಡನೆಯದು, ‘ಜತೆಗೆ ಗ್ಯಾಸ್ ಮಾತ್ರೆ ಹಾಕಿದರೆ ಆಯಿತು’ ಎಂಬುದು. ಪ್ಯಾಂಟೊಪ್ರಜೋಲ್‌ನಂಥ ಮಾತ್ರೆ ಹೊಟ್ಟೆಯನ್ನು ಸಾಕಷ್ಟು ಕಾಪಾಡುತ್ತದೆ ಎಂಬುದು ಸರಿ. ಮೂತ್ರಪಿಂಡವನ್ನೂ ಹೃದಯವನ್ನೂ ಅದು ಕಾಪಾಡುವುದಿಲ್ಲ.

ಸದ್ದಿಲ್ಲದೆ ಆಗುವ ಹಾನಿ

ಹೊಟ್ಟೆ ಹುಣ್ಣು ಕಡೇಪಕ್ಷ ಉರಿಯುತ್ತದೆ, ಮಲ ಕಪ್ಪಗಾಗಿ ಎಚ್ಚರಿಸುತ್ತದೆ. ಮೂತ್ರಪಿಂಡ ಹಾಗಲ್ಲ. ಅದು ಬಹಳಷ್ಟು ಕೆಡುವವರೆಗೂ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣಿಸುವುದಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದರೆ ಮಾತ್ರ ಗೊತ್ತಾಗುತ್ತದೆ.

ನಮ್ಮ ಮನೆಗಳಲ್ಲಿ ಇದರ ಅಪಾಯ ಹೆಚ್ಚಲು ಇನ್ನೊಂದು ಕಾರಣವಿದೆ. ಐವತ್ತು ದಾಟಿದ ಎಷ್ಟೋ ಮಂದಿ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಟೆಲ್ಮಿಸಾರ್ಟನ್ ಅಥವಾ ರಾಮಿಪ್ರಿಲ್ ತರಹದ್ದು ಒಂದು, ಅದರ ಜತೆಗೆ ಮೂತ್ರ ಹೆಚ್ಚಿಸುವ ಔಷಧಿ ಇನ್ನೊಂದು. ಕೆಲವೊಮ್ಮೆ ಎರಡೂ ಒಂದೇ ಮಾತ್ರೆಯಲ್ಲಿ ಇರುತ್ತವೆ. ಅವುಗಳ ಮೇಲೆ ನೋವಿನ ಮಾತ್ರೆಯೂ ಸೇರಿದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಪೆಟ್ಟು ಎಂದು ವೈದ್ಯರು ಎಚ್ಚರಿಸುತ್ತಾರೆ. ಮೇ ತಿಂಗಳ ಸೆಕೆಯಲ್ಲಿ ನೀರು ಕುಡಿಯದೆ ಹಿತ್ತಿಲಲ್ಲಿ ದುಡಿಯುವ ದೇಹಕ್ಕೆ, ವಾಂತಿ ಭೇದಿ ಆಗಿ ಸೊರಗಿದ ದೇಹಕ್ಕೆ ಈ ಪೆಟ್ಟು ಇನ್ನೂ ಜೋರು. ಅಷ್ಟೇ ಅಲ್ಲ, ನೋವಿನ ಮಾತ್ರೆ ಬಿಪಿಯನ್ನೇ ಏರಿಸಬಲ್ಲದು. ಬಿಪಿ ಏರಿತೆಂದು ಬಿಪಿ ಮಾತ್ರೆ ಹೆಚ್ಚಿಸುತ್ತೇವೆ. ಏರಿಸಿದ್ದು ಯಾವುದೆಂದು ಯಾರೂ ಕೇಳುವುದಿಲ್ಲ, ಏಕೆಂದರೆ ‘ಬೇರೆ ಯಾವ ಔಷಧಿ ತಗೊಳ್ತೀರಿ?’ ಎಂದು ಡಾಕ್ಟರು ಕೇಳಿದಾಗ ನೋವಿನ ಮಾತ್ರೆಯನ್ನು ನಾವು ಔಷಧಿ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹೃದಯದ ವಿಷಯದಲ್ಲಿ ಜಗತ್ತು ದೊಡ್ಡ ಬೆಲೆ ಕೊಟ್ಟು ಪಾಠ ಕಲಿತಿದೆ. ರೋಫೆಕಾಕ್ಸಿಬ್ ಎಂಬ ಮಾತ್ರೆ 1999ರಲ್ಲಿ ವಯಾಕ್ಸ್ ಎಂಬ ಹೆಸರಿನಲ್ಲಿ ಬಂತು. ಹೊಟ್ಟೆಗೆ ಹಿತ ಎಂಬ ಕಾರಣಕ್ಕೆ 8 ಕೋಟಿಗೂ ಹೆಚ್ಚು ಜನ ಅದನ್ನು ಬಳಸಿದರು. ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ ಎಂದು ಗೊತ್ತಾಗಿ 2004ರ ಸೆಪ್ಟೆಂಬರ್‌ನಲ್ಲಿ ಕಂಪನಿ ಅದನ್ನು ವಾಪಸು ಪಡೆಯಿತು. ಅದೇ ವರ್ಷ ಭಾರತದಲ್ಲೂ ಅದರ ಮಾರಾಟ ನಿಂತಿತು. ಆದರೆ ಅಪಾಯ ಆ ಒಂದು ಮಾತ್ರೆಗೆ ಸೀಮಿತವಾಗಿರಲಿಲ್ಲ. 2013ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ದೊಡ್ಡ ವಿಶ್ಲೇಷಣೆಯ ಪ್ರಕಾರ, ಹೆಚ್ಚಿನ ಪ್ರಮಾಣದ ಡೈಕ್ಲೋಫೆನಾಕ್ ಅಥವಾ ಕಾಕ್ಸಿಬ್ ಗುಂಪಿನ ಮಾತ್ರೆಯನ್ನು 1,000 ಜನ ಒಂದು ವರ್ಷ ತೆಗೆದುಕೊಂಡರೆ ಅವರಲ್ಲಿ ಸುಮಾರು 3 ಜನ ಹೆಚ್ಚುವರಿಯಾಗಿ ಹೃದಯಾಘಾತದಂಥ ಗಂಭೀರ ತೊಂದರೆಗೆ ಒಳಗಾಗುತ್ತಾರೆ, ಒಬ್ಬರು ಸಾಯುತ್ತಾರೆ.

ಸಾವಿರಕ್ಕೆ ಮೂರು ದೊಡ್ಡದೇ, ಸಣ್ಣದೇ? ನೋವಿನಿಂದ ಎದ್ದು ನಿಲ್ಲಲಾರದವರು, ಎಲ್ಲ ತಿಳಿದ ಮೇಲೆ, ವೈದ್ಯರ ಜತೆ ಮಾತಾಡಿ ಆ ಅಪಾಯವನ್ನು ಒಪ್ಪಿಕೊಳ್ಳಬಹುದು. ಅದು ಅವರ ಹಕ್ಕು. ಹಾಗೊಂದು ಲೆಕ್ಕ ಇದೆ ಎಂಬುದೇ ಗೊತ್ತಿಲ್ಲದೆ ನುಂಗುವುದು ಬೇರೆ ಮಾತು.

ರಾಮನಗರದ ಬೆಟ್ಟ ಹೇಳುವ ಪಾಠ

ಡೈಕ್ಲೋಫೆನಾಕ್ ಕಥೆಯಲ್ಲಿ ಕರ್ನಾಟಕಕ್ಕೂ ಒಂದು ಅಧ್ಯಾಯವಿದೆ. ‘ಶೋಲೆ’ ಚಿತ್ರೀಕರಣ ನಡೆದ ರಾಮನಗರದ ರಾಮದೇವರ ಬೆಟ್ಟವನ್ನು ಸರಕಾರ 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಿತು. ಅಷ್ಟು ಹೊತ್ತಿಗೆ ರಣಹದ್ದುಗಳೇ ವಿರಳವಾಗಿದ್ದವು. ತೊಂಬತ್ತರ ದಶಕದಿಂದ ದೇಶದಲ್ಲಿ ಬಿಳಿಬೆನ್ನಿನ ರಣಹದ್ದುಗಳ ಸಂಖ್ಯೆ ಶೇ. 99ಕ್ಕಿಂತ ಹೆಚ್ಚು ಕುಸಿಯಿತು. ಕಾರಣ ಗೊತ್ತಾದದ್ದು 2004ರಲ್ಲಿ. ನೋವು ಕಡಿಮೆ ಮಾಡಲು ದನಕರುಗಳಿಗೆ ಕೊಟ್ಟ ಡೈಕ್ಲೋಫೆನಾಕ್, ಸತ್ತ ದನದ ಮಾಂಸದ ಮೂಲಕ ಹದ್ದುಗಳ ದೇಹ ಸೇರಿ ಅವುಗಳ ಮೂತ್ರಪಿಂಡವನ್ನು ಕೆಡಿಸುತ್ತಿತ್ತು. 2006ರಲ್ಲಿ ಜಾನುವಾರುಗಳಿಗೆ ಅದನ್ನು ನಿಷೇಧಿಸಲಾಯಿತು. ಮನುಷ್ಯರಿಗೆಂದು ತಯಾರಾದ ದೊಡ್ಡ ಬಾಟಲಿಗಳು ದನಗಳಿಗೆ ಬಳಕೆಯಾಗುತ್ತಿದ್ದವು ಎಂದು 2015ರಲ್ಲಿ ಇಂಜೆಕ್ಷನ್ ಬಾಟಲಿಯ ಗಾತ್ರವನ್ನೇ ಒಂದು ಡೋಸಿಗೆ ಇಳಿಸಲಾಯಿತು.

ಹದ್ದಿಗೂ ಮನುಷ್ಯನಿಗೂ ವ್ಯತ್ಯಾಸವಿದೆ. ಹದ್ದುಗಳಿಗೆ ಅದರ ಅತಿ ಸಣ್ಣ ಪ್ರಮಾಣವೂ ವಿಷ. ನಮಗೆ ಹಾಗಲ್ಲ. ಆದರೂ ಹದ್ದುಗಳ ವಿಷಯದಲ್ಲಿ ಕಾನೂನು ಬಂತು, ಸುದ್ದಿಯಾಯಿತು, ನಮ್ಮ ಪಠ್ಯಪುಸ್ತಕಕ್ಕೂ ಬಂತು. ಅದೇ ಔಷಧಿಯನ್ನು ಐದು ವರ್ಷ ದಿನಕ್ಕೆರಡು ನುಂಗುವ ನಮ್ಮ ದೊಡ್ಡಮ್ಮನ ಮೂತ್ರಪಿಂಡದ ಬಗ್ಗೆ ಅಷ್ಟು ಕಾಳಜಿ ಯಾಕಿಲ್ಲ?

ಇದು ವಯಸ್ಸಾದವರ ವಿಷಯ ಮಾತ್ರವಲ್ಲ

ಈ ಪುಟ ಓದುವವರು ಹೆಚ್ಚಿನವರು ಇಪ್ಪತ್ತು ದಾಟಿದವರು, ಕೆಲಸ ಹುಡುಕುತ್ತಿರುವವರು. ಹಾಗಾಗಿ ನಮ್ಮದೇ ವಿಷಯಕ್ಕೆ ಬರೋಣ.

ಪೊಲೀಸ್ ಕಾನ್ಸ್‌ಟೇಬಲ್ ಹುದ್ದೆಗೋ ಅಗ್ನಿವೀರ್ ಆಯ್ಕೆಗೋ ತಯಾರಿ ಮಾಡುವ ಹುಡುಗರನ್ನು ಬೆಳಗ್ಗೆ ಮೈದಾನದಲ್ಲಿ ನೋಡಬಹುದು. 1,600 ಮೀಟರ್ ಓಟ ಎಂದರೆ ಅವರಿಗೆ ಬದುಕಿನ ಪ್ರಶ್ನೆ. ಮೊಣಕಾಲಿನ ಕೆಳಗೆ ಮುಂದಿನ ಎಲುಬು ನೋಯುತ್ತಿದ್ದರೂ ಮಾತ್ರೆ ನುಂಗಿ ಓಡುತ್ತಾರೆ. ಕೆಲವರು ಆಯ್ಕೆಯ ದಿನ ಬೆಳಗ್ಗೆ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದೂ ಇದೆ. ಆ ನೋವು ಎಲುಬಿನಲ್ಲಿ ಸಣ್ಣ ಬಿರುಕು ಬಿಡುತ್ತಿರುವ ಸೂಚನೆಯಾಗಿರಬಹುದು. ಮಾತ್ರೆ ಆ ಸೂಚನೆಯನ್ನು ಮರೆಮಾಚುತ್ತದೆ, ಬಿರುಕನ್ನು ಮುಚ್ಚುವುದಿಲ್ಲ. ಬೆವರು ಸುರಿದು ನೀರು ಕಡಿಮೆಯಾದ ದೇಹದಲ್ಲಿ ಅದೇ ಮಾತ್ರೆ ಮೂತ್ರಪಿಂಡಕ್ಕೂ ಭಾರ. ಒಂದು ಹುದ್ದೆಗೆ ಇನ್ನೊಮ್ಮೆ ಅರ್ಜಿ ಹಾಕಬಹುದು. ಮುರಿದ ಎಲುಬಿನೊಂದಿಗೆ ಆ ವರ್ಷ ಯಾವ ಮೈದಾನಕ್ಕೂ ಇಳಿಯಲಾಗದು.

ಹುಡುಗಿಯರ ಬ್ಯಾಗಿನಲ್ಲಿ ಇನ್ನೊಂದು ಸ್ಟ್ರಿಪ್ ಇರುತ್ತದೆ. ಮುಟ್ಟಿನ ನೋವಿಗೆ ಮೆಫೆನಾಮಿಕ್ ಆಮ್ಲ ಒಳ್ಳೆಯ ಔಷಧಿ. ಯಾಕೆಂದರೆ ಆ ನೋವಿಗೂ ಪ್ರೊಸ್ಟಗ್ಲಾಂಡಿನ್ನೇ ಕಾರಣ. ತಿಂಗಳಿಗೆ ಎರಡು ಮೂರು ದಿನ ತೆಗೆದುಕೊಳ್ಳುವುದನ್ನು ತಪ್ಪು ಎನ್ನಲಾಗದು. ಆದರೆ ಅದಕ್ಕೆ ಸಂಬಂಧಿಸಿ 2023ರಲ್ಲಿ ಭಾರತೀಯ ಫಾರ್ಮಕೊಪಿಯ ಆಯೋಗವೇ ಒಂದು ಎಚ್ಚರಿಕೆ ಹೊರಡಿಸಿತು. ಅಪರೂಪಕ್ಕೆ ಕೆಲವರಲ್ಲಿ ಅದು ಜ್ವರ, ಮೈತುಂಬ ದದ್ದು, ಒಳಗಿನ ಅಂಗಗಳಿಗೆ ತೊಂದರೆಯ ರೂಪದ ತೀವ್ರ ಅಲರ್ಜಿ ಉಂಟುಮಾಡಬಹುದು, ಅದು ಮಾತ್ರೆ ತೆಗೆದುಕೊಂಡ ಕೆಲವು ವಾರಗಳ ನಂತರವೂ ಕಾಣಿಸಬಹುದು ಎಂದು. ಇನ್ನೂ ಮುಖ್ಯವಾದದ್ದು, ತಿಂಗಳಿಂದ ತಿಂಗಳಿಗೆ ನೋವು ಏರುತ್ತಿದ್ದರೆ, ಮಾತ್ರೆಗೂ ಬಗ್ಗದೆ ಕಾಲೇಜು ತಪ್ಪುತ್ತಿದ್ದರೆ ಅದು ಎಂಡೊಮೆಟ್ರಿಯೋಸಿಸ್‌ನಂಥ ಕಾಯಿಲೆಯ ಲಕ್ಷಣ ಇರಬಹುದು. ‘ಹೆಣ್ಣಾಗಿ ಹುಟ್ಟಿದ ಮೇಲೆ ಇದೆಲ್ಲ ಇದ್ದದ್ದೇ’ ಎಂಬ ಮಾತು ಮತ್ತು ಒಂದು ಸ್ಟ್ರಿಪ್ ಮಾತ್ರೆ, ಇವೆರಡೂ ಸೇರಿ ಎಷ್ಟೋ ಹುಡುಗಿಯರನ್ನು ವೈದ್ಯರಿಂದ ವರ್ಷಗಟ್ಟಲೆ ದೂರ ಇಡುತ್ತವೆ.

ಮಳೆಗಾಲದಲ್ಲಿ ಇನ್ನೊಂದು ಅಪಾಯ. ನಮ್ಮ ಕರಾವಳಿಯಲ್ಲಿ ಜೂನ್ ಬಂತೆಂದರೆ ಡೆಂಗೆ, ಇಲಿಜ್ವರ ಎರಡೂ ಬರುತ್ತವೆ. ಎರಡರಲ್ಲೂ ಮೈಕೈ ನೋವು ವಿಪರೀತ. ಡೆಂಗೆಯಲ್ಲಿ ರಕ್ತದ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವದ ಭಯ ಇರುವಾಗ ಐಬುಪ್ರೊಫೆನ್, ಆಸ್ಪಿರಿನ್, ಡೈಕ್ಲೋಫೆನಾಕ್ ಆ ಭಯವನ್ನು ಹೆಚ್ಚಿಸುತ್ತವೆ. ಇಲಿಜ್ವರ ಮೂತ್ರಪಿಂಡವನ್ನೇ ಹಿಡಿಯುವ ಕಾಯಿಲೆ. ಹಾಗಾಗಿ ಕಾರಣ ಗೊತ್ತಾಗದ ಜ್ವರದಲ್ಲಿ ಮೈಕೈ ನೋವಿಗೆಂದು ಈ ಮಾತ್ರೆ ನುಂಗಲೇಬಾರದು. ಕಾಂಬಿಫ್ಲಾಮ್‌ನಂಥ ಮಾತ್ರೆಯಲ್ಲಿ ಪ್ಯಾರಸಿಟಮಾಲ್ ಜತೆ ಐಬುಪ್ರೊಫೆನ್ ಕೂಡ ಇದೆ ಎಂಬುದು ಎಷ್ಟು ಜನರಿಗೆ ಗೊತ್ತು?

ಮಾತ್ರೆಯೇ ಚಿಕಿತ್ಸೆಯಾಗುವ ನೋವು

ಇಷ್ಟೆಲ್ಲ ಓದಿ ‘ಹಾಗಾದರೆ ಈ ಮಾತ್ರೆಯೇ ಬೇಡ’ ಎಂದು ಯಾರಾದರೂ ಡಬ್ಬಿ ಖಾಲಿ ಮಾಡಿದರೆ ಅದೂ ಅಪಾಯವೇ. ನೋವಿನಲ್ಲಿ ಎಲ್ಲ ನೋವೂ ಒಂದೇ ಅಲ್ಲ.

ಇಪ್ಪತ್ತೆರಡರ ಹುಡುಗನಿಗೆ ಸೊಂಟ ನೋವು ಎಂದುಕೊಳ್ಳಿ. ಬೆಳಗ್ಗೆ ಎದ್ದಾಗ ಬೆನ್ನು ಮರಗಟ್ಟಿದಂತಿರುತ್ತದೆ, ಅರ್ಧ ಮುಕ್ಕಾಲು ಗಂಟೆ ಸರಿಯಾಗುವುದಿಲ್ಲ. ಮಲಗಿ ವಿಶ್ರಾಂತಿ ಪಡೆದರೆ ಹೆಚ್ಚುತ್ತದೆ, ಓಡಾಡಿದರೆ ಕಡಿಮೆಯಾಗುತ್ತದೆ. ರಾತ್ರಿ ನಡುವೆ ನೋವಿಗೆ ಎಚ್ಚರವಾಗುತ್ತದೆ. ಹೀಗೆ ಮೂರು ತಿಂಗಳು ದಾಟಿದೆ. ಇದು ಬೈಕ್ ಓಡಿಸಿದ್ದಕ್ಕೆ, ಮೊಬೈಲ್ ನೋಡಿದ್ದಕ್ಕೆ ಬಂದ ನೋವು ಆಗಿರಲಾರದು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ, ಬೆನ್ನುಮೂಳೆಯ ಉರಿಯೂತದ ಕಾಯಿಲೆ ಇರಬಹುದು. ಹೆಚ್ಚಾಗಿ ನಲವತ್ತೈದರ ಒಳಗೇ, ಅದರಲ್ಲೂ ಇಪ್ಪತ್ತು ಮೂವತ್ತರ ನಡುವೆ ಶುರುವಾಗುವ ಕಾಯಿಲೆ ಇದು. ಚಿಕಿತ್ಸೆ ಇಲ್ಲದಿದ್ದರೆ ಕಶೇರುಗಳು ಒಂದಕ್ಕೊಂದು ಬೆಸೆದುಕೊಂಡು ಬೆನ್ನು ಬಾಗದಂತಾಗಬಹುದು. ಇದಕ್ಕೆ ವೈದ್ಯರು ಮೊದಲು ಕೊಡುವುದು ಇದೇ ಉರಿಯೂತ ನಿವಾರಕ ಮಾತ್ರೆ, ಜತೆಗೆ ವ್ಯಾಯಾಮ. ಅಂದರೆ ಇಲ್ಲಿ ಮಾತ್ರೆ ಬೇಕು. ಬೇಕಾದಷ್ಟು ಪ್ರಮಾಣದಲ್ಲಿ, ಬೇಕಾದಷ್ಟು ದಿನ, ರಕ್ತಪರೀಕ್ಷೆಯ ಕಾವಲಿನಲ್ಲಿ ಬೇಕು. ಅದರಿಂದ ಸಾಲದಿದ್ದರೆ ಬೇರೆ ಔಷಧಿಗಳಿವೆ. ನೋವು ಬಂದಾಗೊಂದು ನುಂಗುತ್ತ ಇದ್ದವನಿಗೆ ಆ ಹೆಸರೇ ತಿಳಿಯದೆ ವರ್ಷಗಳು ಕಳೆದುಹೋಗುತ್ತವೆ.

ರುಮಟಾಯ್ಡ್ ಆರ್ಥ್ರೈಟಿಸ್ ಇನ್ನೊಂದು. ಎರಡೂ ಕೈಗಳ ಬೆರಳ ಗಂಟು ಊದಿ ಬೆಳಗ್ಗೆ ಮುಷ್ಟಿ ಕಟ್ಟಲಾಗದ ಅಮ್ಮಂದಿರಲ್ಲಿ ಇದನ್ನು ನೋಡಬೇಕು. ನೋವಿನ ಮಾತ್ರೆ ಅಲ್ಲಿ ನೋವನ್ನಷ್ಟೇ ತಗ್ಗಿಸುತ್ತದೆ. ಗಂಟು ಒಳಗೊಳಗೇ ಸವೆಯುವುದನ್ನು ತಡೆಯಲು ಮೆಥೊಟ್ರೆಕ್ಸೇಟ್‌ನಂಥ ಬೇರೆಯೇ ಔಷಧಿ ಬೇಕು. ಅದನ್ನು ಎಷ್ಟು ಬೇಗ ಶುರುಮಾಡಿದರೆ ಅಷ್ಟು ಒಳ್ಳೆಯದು. ಹೂ ಕಟ್ಟಿ ಕಟ್ಟಿ ಬೆರಳು ಡೊಂಕಾಯಿತು ಎಂದುಕೊಳ್ಳುವ ಮೊದಲು ಒಮ್ಮೆ ತೋರಿಸಬೇಕು.

ಇನ್ನು ಹೆಚ್ಚಿನವರಿಗೆ ಇರುವುದು ದುಡಿಮೆಯಿಂದ, ಸವೆತದಿಂದ ಬಂದ ನೋವು. 2008ರಲ್ಲಿ ದಕ್ಷಿಣ ಕನ್ನಡದಲ್ಲಿ ಚಿಕುನ್‌ಗುನ್ಯಾ ಹರಡಿದಾಗ ಜ್ವರ ಹೋದರೂ ತಿಂಗಳುಗಟ್ಟಲೆ ಬಿಡದ ಗಂಟು ನೋವು ಹೇಗಿರುತ್ತದೆ ಎಂದು ಕರಾವಳಿ ಕಂಡಿದೆ. ಇಂಥ ನೋವುಗಳಿಗೆ ಮಾತ್ರೆ ಸ್ವಲ್ಪ ದಿನದ ಊರುಗೋಲು. ಮಂಡಿ, ಕೈಯ ಗಂಟುಗಳ ಸವೆತಕ್ಕೆ ಮೊದಲು ಹಚ್ಚುವ ಜೆಲ್ ಬಳಸಿ ನೋಡಬಹುದು. ಅದರಿಂದ ರಕ್ತಕ್ಕೆ ಸೇರುವ ಔಷಧಿ ಬಹಳ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟ ನೋವಿಗೆಂದೇ ಮಾರ್ಗಸೂಚಿ ತಂದಿತು. ಅದರಲ್ಲಿ ಈ ಮಾತ್ರೆಗಳಿಗೂ ಜಾಗವಿದೆ. ಆದರೆ ಅದರ ಜತೆಗೆ ವ್ಯಾಯಾಮ, ನೋವಿನ ಬಗ್ಗೆ ತಿಳಿವಳಿಕೆ, ಫಿಸಿಯೋಥೆರಪಿಯಂಥ ಆರೈಕೆಗೂ ಜಾಗವಿದೆ. ನಾವು ಎಲೆಯಲ್ಲಿ ಬಡಿಸಿದ್ದರಲ್ಲಿ ಉಪ್ಪಿನಕಾಯಿಯನ್ನಷ್ಟೇ ಊಟವೆಂದುಕೊಂಡಿದ್ದೇವೆ.

‘ಆಸ್ಪತ್ರೆಗೆ ಹೋಗಲು ಪುರುಸೊತ್ತೆಲ್ಲಿ?’

ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಮಣಿಪಾಲದಂಥ ದೊಡ್ಡ ವೈದ್ಯಕೀಯ ಕೇಂದ್ರ ಕೂಗಳತೆಯಲ್ಲಿದೆ ಎಂದು ಹೇಳುವುದು ಸುಲಭ. ಆದರೆ ದಿನಗೂಲಿಯವರಿಗೆ ಆಸ್ಪತ್ರೆ ಎಂದರೆ ಬಸ್ಸು, ಸಾಲು, ಟೆಸ್ಟು, ಅರ್ಧ ದಿನದ ಕೂಲಿ. ಮಾತ್ರೆ ನುಂಗುವವರನ್ನು ಬೈದು ಪ್ರಯೋಜನವಿಲ್ಲ. ಅವರು ತಮ್ಮ ಮುಂದೆ ಇರುವುದರಲ್ಲಿ ಅಗ್ಗದ ದಾರಿಯನ್ನು ಆರಿಸಿಕೊಂಡಿದ್ದಾರೆ.

ಆದ್ದರಿಂದ ವ್ಯವಸ್ಥೆಯೇ ನಾಲ್ಕು ಹೆಜ್ಜೆ ಹತ್ತಿರ ಬರಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೊಂದು ಮಧ್ಯಾಹ್ನ, ಹೂವಿನ ಕೆಲಸ ಮುಗಿದ ಮೇಲೆ, ಫಿಸಿಯೋಥೆರಪಿ ಸಿಗುವಂತಾಗಲಿ. ನಮ್ಮ ಜಿಲ್ಲೆಯಲ್ಲಿ ಫಿಸಿಯೋಥೆರಪಿ, ಫಾರ್ಮಸಿ, ನರ್ಸಿಂಗ್ ಓದುವ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಎನ್‌ಎಸ್‌ಎಸ್ ಶಿಬಿರಕ್ಕೆ ಬಂದವರು ರಸ್ತೆ ಗುಡಿಸುವುದರ ಜತೆಗೆ ಒಂದು ದಿನ ಹೂ ಕಟ್ಟುವವರ ಪಕ್ಕ ಕುಳಿತು ಬೆನ್ನಿಗೆ ಯಾವ ವ್ಯಾಯಾಮ, ಎಷ್ಟು ಹೊತ್ತಿಗೊಮ್ಮೆ ಏಳಬೇಕು ಎಂದು ತೋರಿಸಿಕೊಟ್ಟರೆ ಅದು ದೊಡ್ಡ ಸೇವೆ. ಆಶಾ ಕಾರ್ಯಕರ್ತೆಯರು ಬಿಪಿ ವಿಚಾರಿಸುವಾಗ ‘ನೋವಿನ ಮಾತ್ರೆ ತಗೊಳ್ತೀರಾ ಅಕ್ಕಾ, ದಿನಕ್ಕೆಷ್ಟು?’ ಎಂದು ಒಂದು ಸಾಲು ಸೇರಿಸಿದರೆ ಸಾಕು, ಎಷ್ಟೋ ಮಂದಿ ಬೇಗ ಪತ್ತೆಯಾಗುತ್ತಾರೆ.

ಮೆಡಿಕಲ್ ಅಂಗಡಿಗಳ ಹೊಣೆಯೂ ಇದೆ. ಡೈಕ್ಲೋಫೆನಾಕ್‌ನಂಥವು ಷೆಡ್ಯೂಲ್ ಎಚ್ ಪಟ್ಟಿಯ ಔಷಧಿಗಳು. ಚೀಟಿ ಇಲ್ಲದೆ ಮಾರಬಾರದು ಎಂದು ಸ್ಟ್ರಿಪ್ಪಿನ ಮೇಲೇ ಮುದ್ರಿಸಿರುತ್ತದೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಫಾರ್ಮಸಿಸ್ಟರಿಗೆ ರೋಗಿಯೊಂದಿಗೆ ಮಾತಾಡಿ ತಿಳಿಹೇಳುವ ಕರ್ತವ್ಯವನ್ನೂ ಕೊಟ್ಟಿವೆ. ಹಳ್ಳಿಯ ಅಂಗಡಿಯಲ್ಲಿ ಪರಿಚಯದವರಿಗೆ ಇಲ್ಲ ಎನ್ನುವುದು ಕಷ್ಟ ಎಂದು ನನಗೂ ಗೊತ್ತು. ಆದರೆ ‘ಎಷ್ಟು ದಿನದಿಂದ ತಗೊಳ್ತಿದ್ದೀರಿ? ಬಿಪಿ, ಶುಗರ್, ಕಿಡ್ನಿ ತೊಂದರೆ ಉಂಟಾ? ಹಿಂದೆ ಹೊಟ್ಟೆಯಲ್ಲಿ ಹುಣ್ಣು ಆಗಿತ್ತಾ? ಗರ್ಭಿಣಿಯಾ?’ ಎಂಬ ನಾಲ್ಕು ಪ್ರಶ್ನೆ ಕೇಳಲು ಒಂದು ನಿಮಿಷ ಸಾಕು.

ಹೆಸರಿಲ್ಲದ ಪುಡಿ, ಗುಳಿಗೆಗಳ ಬಗ್ಗೆಯೂ ಒಂದು ಮಾತು. ‘ಇಂಗ್ಲಿಷ್ ಮದ್ದು ಬೇಡ’ ಎಂದು ಗಂಟುನೋವಿಗೆ ಯಾರೋ ಕೊಟ್ಟ, ಚೀಟಿ ಅಂಟಿಸದ ಪುಡಿ ತಿನ್ನುವವರಿದ್ದಾರೆ. ಇಂಥವುಗಳಲ್ಲಿ ಸ್ಟೀರಾಯ್ಡ್ ಅಥವಾ ಇದೇ ಡೈಕ್ಲೋಫೆನಾಕ್ ಬೆರೆಸಿರುವುದು ಹಲವು ಬಾರಿ ಪತ್ತೆಯಾಗಿದೆ. ಪವಾಡದಂತೆ ನೋವು ಹೋಯಿತು ಎಂದಾದರೆ ಆಗಲೇ ಅನುಮಾನ ಪಡಬೇಕು.

ನಮ್ಮಿಂದ ಆಗುವುದು

ಈ ವಾರ ಮನೆಯಲ್ಲಿ ಒಂದು ಕೆಲಸ ಮಾಡಿ. ಮಾತ್ರೆ ಡಬ್ಬಿ ತೆರೆದು ಪ್ರತಿ ಸ್ಟ್ರಿಪ್ಪಿನ ಹಿಂದಿರುವ ಔಷಧಿಯ ಹೆಸರನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕಂಪನಿ ಇಟ್ಟ ಹೆಸರನ್ನಲ್ಲ, ಒಳಗಿರುವ ಔಷಧಿಯ ಹೆಸರನ್ನು. ಎರಡು ಬೇರೆ ಬಣ್ಣದ ಮಾತ್ರೆಗಳಲ್ಲಿ ಒಂದೇ ಔಷಧಿ ಇರುವುದು ಆಗ ಗೊತ್ತಾಗುತ್ತದೆ. ಪಕ್ಕದಲ್ಲಿ ಯಾರು, ದಿನಕ್ಕೆಷ್ಟು, ಎಷ್ಟು ಕಾಲದಿಂದ ಎಂದು ಬರೆಯಿರಿ. ನೋವಿನ ಮಾತ್ರೆಯನ್ನು ತಿಂಗಳಲ್ಲಿ ಹೆಚ್ಚು ದಿನ ತೆಗೆದುಕೊಳ್ಳುವವರು ಯಾರಾದರೂ ಇದ್ದರೆ ಬಿಪಿ ನೋಡಿಸಿ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಆ ಹಾಳೆಯನ್ನು ಡಾಕ್ಟರಿಗೆ ತೋರಿಸಿ. ಡಾಕ್ಟರು ಬರೆದುಕೊಟ್ಟ ಮಾತ್ರೆಯನ್ನು ಇದನ್ನು ಓದಿ ತಟ್ಟನೆ ನಿಲ್ಲಿಸಬೇಡಿ, ಕೇಳಿ ತೀರ್ಮಾನಿಸಿ.

ಮಲ ಕಪ್ಪಗಾದರೆ, ಕಾಲು ಊದಿದರೆ, ಮೂತ್ರ ಕಡಿಮೆಯಾದರೆ, ಎದೆ ನೋವು ಬಂದರೆ ಕಾಯಬೇಡಿ. ಸೊಂಟ ನೋವಿನ ಜತೆ ಕಾಲು ಜೋಮು ಹಿಡಿದು ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಅಥವಾ ತೂಕ ಇಳಿಕೆ ಇದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಔಷಧಿಯಿಂದ ಅಡ್ಡ ಪರಿಣಾಮವಾಯಿತು ಎಂದು ಅನುಮಾನ ಬಂದರೆ ಸಾಮಾನ್ಯ ಜನರೂ ತಿಳಿಸಲು ಸರಕಾರದ ಉಚಿತ ಸಹಾಯವಾಣಿ ಇದೆ: 1800-180-3024.

ಅಮ್ಮ ಒಪ್ಪಲಿಕ್ಕಿಲ್ಲ, ‘ನಿಂಗೆ ಬೇರೆ ಕೆಲಸ ಇಲ್ವಾ?’ ಎನ್ನಬಹುದು. ಕೆಲಸ ಹುಡುಕುತ್ತ ಮನೆಯಲ್ಲಿ ಇರುವವರಿಗೆ ಆ ಮಾತು ಸ್ವಲ್ಪ ಚುಚ್ಚಲೂಬಹುದು. ಚುಚ್ಚಲಿ. ನಮ್ಮ ಫೀಸು, ನಮ್ಮ ಬಸ್ ಪಾಸು, ನಮ್ಮ ಅರ್ಜಿ ಶುಲ್ಕ ಎಲ್ಲ ಬಂದದ್ದು ಆ ಸೊಂಟದಿಂದಲೇ. ಒಂದು ಬೆಳಗ್ಗೆ ಅವರ ಬದಲು ನಾವು ಹೂ ಕೊಯ್ದು ಕೊಟ್ಟು, ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಷ್ಟು ಪುರುಸೊತ್ತು ನಮಗೆ ಖಂಡಿತ ಇದೆ.